ಪಿಕಪ್ ಟ್ರಕ್: ಸ್ಟಿಯರಿಂಗ್ ಕಾಲಮ್ ಗೇರೋ, ಕನ್ಸೋಲ್ ಗೇರೋ?

ಡಲ್ಲಾಸ್_ಕನ್ನಡಿಗ
ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ಪಿಕಪ್ ಹುಡುಕ್ತಿದ್ದೀನಿ. ಎರಡು ಗಾಡಿ ಇವೆ, ಎರಡೂ 2019ರ ಎಕ್ಸ್‌ಎಲ್‌ಟಿ ಮಾದರಿ, ಹತ್ತು ಗೇರಿನ ಆಟೊಮ್ಯಾಟಿಕ್. ಒಂದರಲ್ಲಿ ಮುಂದೆ ಬೆಂಚ್ ಸೀಟು (ಮೂವರು ಕೂರಬಹುದು), ಗೇರ್ ಸ್ಟಿಯರಿಂಗ್ ಕಾಲಮ್ ಮೇಲೆ, ಅಂದ್ರೆ ಸ್ಟಿಯರಿಂಗ್ ಹಿಂದಿನ ಕಂಬದ ಮೇಲೆ. ಇನ್ನೊಂದರಲ್ಲಿ ಬಕೆಟ್ ಸೀಟು (ಬೇರೆ ಬೇರೆ ಎರಡು ಸೀಟು), ಗೇರ್ ನಡುವಿನ ಕನ್ಸೋಲ್ ಮೇಲೆ. ನಾವಿಬ್ಬರು, ಕಾರ್ ಸೀಟ್ ಬೇಕಾದ ಇಬ್ಬರು ಮಕ್ಕಳು, ಬೇಸಿಗೆಗೆ ಊರಿಂದ ಅಪ್ಪ-ಅಮ್ಮ ಬರ್ತಾರೆ. ದೋಣಿ ಟ್ರೈಲರೂ ಎಳೀಬೇಕು. ಕಾಲಮ್ ಗೇರ್ ಬೇಗ ಸಡಿಲ ಆಗುತ್ತೆ ಅಂತಾರೆ, ನಿಜವಾ? ಬೆಂಚ್ ಗಾಡಿ ತಗೊಂಡು ಆಮೇಲೆ ಕನ್ಸೋಲ್ ಗೇರ್ ಹಾಕಿಸಬಹುದಾ?

ಹಿಚ್_ಬಾಲ್
ಆರು ಜನ ಅಂದಮೇಲೆ ಲೆಕ್ಕ ಮುಗೀತಲ್ಲ ಸರ್, ಕನ್ಸೋಲ್ ಗಾಡಿಯಲ್ಲಿ ಐದೇ ಬೆಲ್ಟ್. ಬೆಂಚ್ ತಗೊಳ್ಳಿ. ಮಕ್ಕಳಿಬ್ಬರೂ ಹಿಂದೆಯೇ, ಅವರ ಜೊತೆ ಅಮ್ಮ ಅಥವಾ ಅಪ್ಪ. ಮುಂದಿನ ನಡುಸೀಟಿಗೆ ದೊಡ್ಡವರೇ ಕೂರಬೇಕು. ಆ ಸೀಟು ಕಿರಿದು, ದೂರದ ದಾರಿಗೆ ಹಿತವಲ್ಲ. ಗಾಡಿ ನೋಡಲು ಹೋದಾಗ ನಡುಸೀಟಿನ ಬೆಲ್ಟ್ ಎಳೆದು ನೋಡಿ, ಎಷ್ಟೋ ಗಾಡಿಗಳಲ್ಲಿ ಅದನ್ನು ಯಾರೂ ಮುಟ್ಟಿರೋದೇ ಇಲ್ಲ.

ದೋಣಿ ಇಳಿಸುವಾಗಲೂ ಕಾಲಮ್ಮೇ ವಾಸಿ. ಡ್ರೈವ್, ರಿವರ್ಸ್, ಮತ್ತೆ ಡ್ರೈವ್ ಅಂತ ಹಿಂದೆಮುಂದೆ ಆಡಿಸುವಾಗ ಎಡಗೈ ಸ್ಟಿಯರಿಂಗ್ ಕೆಳಭಾಗದಲ್ಲಿ, ಬಲಗೈ ಲಿವರ್ ಮೇಲೆ, ಕಣ್ಣು ಕನ್ನಡಿಯಲ್ಲೇ ಇರುತ್ತೆ. ಅಮೆರಿಕದ ಪೊಲೀಸ್ ಗಾಡಿಗಳಲ್ಲಿ ಇವತ್ತಿಗೂ ಕಾಲಮ್ ಗೇರ್ ಉಳಿದಿರೋದು ನಡುವಿನ ಜಾಗ ಲ್ಯಾಪ್‌ಟಾಪ್, ರೇಡಿಯೊಗೆ ಬೇಕು ಅಂತ.

ಗ್ರೀಸ್‌_ಕೈ
ಸಡಿಲ ಆಗೋ ಮಾತು ಅರ್ಧ ನಿಜ. ಈ ಎರಡು ಗಾಡಿಗಳಲ್ಲೂ ಲಿವರಿಂದ ಗೇರ್‌ಬಾಕ್ಸ್‌ವರೆಗೆ ಹೋಗೋದು ಕೇಬಲ್ಲೇ. ಗೇರ್‌ಬಾಕ್ಸ್ ಪಕ್ಕದ ಸಣ್ಣ ತೋಳಿನ ಗುಂಡಿಗೆ ಕೇಬಲ್ ತುದಿಯ ಬುಶ್ (ಸಣ್ಣ ಬಳೆಯಂಥ ಭಾಗ) ಕಚ್ಚಿಕೊಂಡಿರುತ್ತೆ. ಶಾಖಕ್ಕೆ ಆ ಬುಶ್ ಒಣಗಿ ಬಿರುಕು ಬಿಟ್ಟರೆ ಲಿವರ್ ಪಾರ್ಕ್‌ನಲ್ಲಿದ್ದರೂ ಗೇರ್‌ಬಾಕ್ಸ್ ರಿವರ್ಸ್‌ನಲ್ಲೇ ಇರಬಹುದು. ಅಪಾಯ ಇರೋದು ಅಲ್ಲಿ. ಕಾಲಮ್ಮಿನಲ್ಲಿ ಹೆಚ್ಚುವರಿಯಾಗಿ ಲಿವರ್ ಬುಡದ ಪಿನ್ ಸವೆದು ಅಲುಗಾಟ ಬರುತ್ತೆ, ಕಿರಿಕಿರಿ ಅಷ್ಟೇ. ಕನ್ಸೋಲ್‌ಗೂ ಅದರದೇ ಕಾಯಿಲೆ ಇದೆ: ಕಾಫಿ, ಕೋಕ್ ಚೆಲ್ಲಿ ಬಟನ್ ಅಂಟಾಗೋದು, ಪಾರ್ಕ್ ತಿಳಿಸುವ ಪುಟ್ಟ ಸ್ವಿಚ್ ಕೈಕೊಟ್ಟು ಪಾರ್ಕ್‌ಗೆ ಹಾಕಿದರೂ ‘ಪಾರ್ಕ್‌ಗೆ ಹಾಕಿ’ ಅಂತ ಬರ್ತಾ ಇರೋದು.

2018ರ ಎಫ್-150ಗಳಲ್ಲಿ ಕೇಬಲ್ ಹಿಡಿಯುವ ಕ್ಲಿಪ್ ಪೂರ್ತಿ ಕೂತಿರದೆ ಇರಬಹುದು ಅಂತ ಫೋರ್ಡೇ ರೀಕಾಲ್ ಮಾಡಿತ್ತು, ಅಂದ್ರೆ ಸರಿಪಡಿಸಲು ಗಾಡಿಗಳನ್ನು ವಾಪಸ್ ಕರೆದಿತ್ತು. ನಿಮ್ಮದು 2019, ಆದರೂ ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ವೆಬ್‌ಸೈಟಿನಲ್ಲಿ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ನೋಡಿಬಿಡಿ.

ಬದಲಾಯಿಸೋ ಯೋಚನೆ ಬಿಡಿ. ಕಾಲಮ್ಮೇ ಬೇರೆ, ಕೇಬಲ್ ಉದ್ದ ಬೇರೆ, ಸೀಟು, ಕನ್ಸೋಲ್, ವೈರಿಂಗ್ ಎಲ್ಲ ಬೇರೆ, ಮೇಲೆ ಏರ್‌ಬ್ಯಾಗ್ ಬಿಚ್ಚಬೇಕು. ಆ ದುಡ್ಡಿಗೆ ಬೇಕಾದ ಗಾಡಿಯನ್ನೇ ಹುಡುಕಬಹುದು.

ಎಡಗಡೆ_ಇಂಡಿಕೇಟರ್
ಕಾಲಮ್ ಹೊಗಳುವವರು ಒಂದು ಮಾತು ಬಿಟ್ಟರು. ಊರಲ್ಲಿ ಮಾರುತಿ ಓಡಿಸಿದ ಕೈಗೆ ಇಂಡಿಕೇಟರ್ ಬಲಕ್ಕಿರುತ್ತೆ. ಇಲ್ಲಿ ಬಲಕ್ಕೆ ಕೈ ಹಾಕಿದರೆ ಸಿಗೋದು ಗೇರ್! ಲಿವರನ್ನು ನಮ್ಮತ್ತ ಎಳೆಯದೆ ರಿವರ್ಸ್‌ಗೆ ಹೋಗದು, ಆದರೆ ಡ್ರೈವ್‌ನಿಂದ ನ್ಯೂಟ್ರಲ್‌ಗೆ ಸುಮ್ಮನೆ ಮೇಲೆ ತಳ್ಳಿದರೂ ಜಾರುತ್ತೆ. ಎಂಜಿನ್ ಕೂಗಿದರೆ ಗಾಬರಿಯಾಗಬೇಡಿ, ಆಕ್ಸಿಲರೇಟರಿಂದ ಕಾಲು ತೆಗೆದು ಮತ್ತೆ ಡ್ರೈವ್‌ಗೆ ತನ್ನಿ. ಒಬ್ಬರೋ ಇಬ್ಬರೋ ಓಡಾಡೋ ಗಾಡಿಗಾದರೆ ನನ್ನ ಓಟು ಕನ್ಸೋಲ್‌ಗೇ. ಹೊಸ ಗಾಡಿಗಳಲ್ಲಂತೂ ಜಗಳವೇ ಬೇರೆ: ರಾಮ್ 1500 ಪಿಕಪ್ಪಿನಲ್ಲಿ ಗೇರಿಗೆ ತಿರುಗುಗುಂಡಿ, 2022ರ ಮಾರ್ಪಾಡಿನ ನಂತರ ಷೆವರ್ಲೆ ಸಿಲ್ವರಾಡೊ ಪಿಕಪ್ಪಿನ ಬಕೆಟ್ ಸೀಟಿನವುಗಳಲ್ಲಿ ಕನ್ಸೋಲ್ ಮೇಲೆ ಎಲೆಕ್ಟ್ರಾನಿಕ್ ಲಿವರ್.

ಡಲ್ಲಾಸ್_ಕನ್ನಡಿಗ
ಸರಿ, ಬೆಂಚ್ ಗಾಡಿಯೇ. ಕೊಳ್ಳುವ ಮುಂಚೆ ಗೇರ್ ಹೇಗೆ ಪರೀಕ್ಷಿಸಲಿ?

ಗ್ರೀಸ್‌_ಕೈ
ಮಟ್ಟಸ ಜಾಗದಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆಫ್, ಇಗ್ನಿಷನ್ ಆನ್. ಬ್ರೇಕ್ ಪೆಡಲ್ ಒತ್ತದೆ ಲಿವರ್ ಎಳೆಯಿರಿ. ಪಾರ್ಕ್ ಬಿಟ್ಟು ಬರಬಾರದು. ಪೆಡಲ್ ಒತ್ತಿ ಒಂದೊಂದೇ ಗೇರ್ ಹಾಕಿ, ಲಿವರ್ ಇರುವ ಜಾಗವೂ ಡ್ಯಾಶ್ ತೋರಿಸುವ ಅಕ್ಷರವೂ ಒಂದೇ ಇರಬೇಕು. ಸ್ಟಿಯರಿಂಗನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಟಿಲ್ಟ್ ಮಾಡಿ ಮತ್ತೆ ನೋಡಿ. ಎಂಜಿನ್ ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು. ಆಮೇಲೆ ಸಣ್ಣ ಇಳಿಜಾರಿನಲ್ಲಿ ಪಾರ್ಕ್‌ಗೆ ಹಾಕಿ ಬ್ರೇಕ್ ಮೆಲ್ಲಗೆ ಬಿಡಿ. ಒಂದೆರಡು ಇಂಚು ಜಾರಿ ಗಟ್ಟಿಯಾಗಿ ನಿಲ್ಲಬೇಕು. ಟಕಟಕ ಅನ್ನುತ್ತಾ ಜಾರಿದರೆ ಆ ಗಾಡಿ ಬೇಡ.

ಇನ್ನು ದೋಣಿ ರ‍್ಯಾಂಪ್ ಮೇಲೆ ನೇರ ಪಾರ್ಕ್‌ಗೆ ಹಾಕಿ ಕಾಲು ತೆಗೀಬೇಡಿ, ಟ್ರೈಲರ್ ಸಮೇತ ಇಡೀ ಭಾರ ಗೇರ್‌ಬಾಕ್ಸ್ ಒಳಗಿನ ಪಾರ್ಕಿಂಗ್ ಕೊಕ್ಕೆಯ ಮೇಲೆ ಬೀಳುತ್ತೆ, ಹೊರಡುವಾಗ ಲಿವರ್ ಬಿಗಿದುಕೊಳ್ಳುತ್ತೆ. ಕಾಲಿನ ಬ್ರೇಕ್ ಒತ್ತಿ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್, ಕಾಲು ಸಡಿಲಿಸಿ ಗಾಡಿ ಕೂರಲಿ, ಮತ್ತೆ ಕಾಲು ಒತ್ತಿ ಪಾರ್ಕ್. ಇಳಿದಮೇಲೆ ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ.