ದೊಡ್ಡಪ್ಪನ ಸ್ಪೀಕರ್ ಗುಜರಿಗೆ ಹಾಕಬೇಡಿ

ಗುಂಪು: ನಮ್ಮ ಮನೆ ಬಳಗ

ವಿನಯ್: (ಫೋಟೋ) ಮೈಸೂರು ಮನೆಯ ಅಟ್ಟ ಖಾಲಿ ಮಾಡುವಾಗ ದೊಡ್ಡಪ್ಪನ ಹಳೇ ಸ್ಪೀಕರ್ ಜೋಡಿ ಸಿಕ್ಕಿತು. ಮುಂದಿನ ಬಟ್ಟೆ ತೆಗೆದು ನೋಡಿದೆ. ವೂಫರ್ (ಬಾಸ್ ನುಡಿಸುವ ದೊಡ್ಡ ಭಾಗ) ಕೋನ್ ಸುತ್ತ ಇರುವ ಫೋಮ್ ಮುಟ್ಟಿದರೆ ಸಾಕು, ಪುಡಿಪುಡಿಯಾಗಿ ಉದುರುತ್ತದೆ, ಬೆರಳಿಗೆ ಕಪ್ಪಗೆ ಅಂಟುತ್ತದೆ. ಶನಿವಾರ ಗುಜರಿಯವರು ಬರುತ್ತಾರೆ. ಕೊಟ್ಟುಬಿಡೋಣ ಅಲ್ವಾ?

ರಘು ಮಾವ: ಏನು ಮಾತು ಆಡ್ತಿದ್ದೀಯ! ಹಳೇ ಕಾಲದ ಮಾಲು ಅದು. ನಿಜವಾದ ಮರ, ಕಲ್ಲಿನಂಥ ಮ್ಯಾಗ್ನೆಟ್. ಈಗಿನದೆಲ್ಲಾ ಪ್ಲಾಸ್ಟಿಕ್. ಆಗಿನ ಯಾವ ಸ್ಪೀಕರ್ ತಂದು ಇಟ್ಟರೂ ಈಗಿನದು ಅದರ ಮುಂದೆ ನಿಲ್ಲೋದಿಲ್ಲ.

ವಿನಯ್: ಮಾವ, ನಮ್ಮ ಟಿವಿ ಕೆಳಗಿರುವ ಸೌಂಡ್‌ಬಾರ್‌ನಲ್ಲಿ ಗೋಡೆ ನಡುಗುವ ಹಾಗೆ ಬಾಸ್ ಬರುತ್ತೆ. ಇವು ಒಂದೊಂದು 24 ಕಿಲೋ ಇವೆ. ಇಳಿಸುವಷ್ಟರಲ್ಲಿ ಬೆನ್ನು ಹೋಯಿತು.

ದೊಡ್ಡಮ್ಮ: ಹಾಲ್‌ನಲ್ಲಿ ಜಾಗ ಇಲ್ಲ. ಈಗಲೇ ಹೇಳಿದ್ದೇನೆ.

ಸುಮಾ: ವಿನಯ್, ಹಿಂದೆ ಅಂಟಿಸಿರುವ ಚೀಟಿಯ ಫೋಟೋ ಹಾಕು.

ವಿನಯ್: (ಫೋಟೋ) ಎಆರ್-3ಎ. ಕೇಂಬ್ರಿಡ್ಜ್, ಮ್ಯಾಸಚೂಸೆಟ್ಸ್ ಅಂತ ಇದೆ.

ಸುಮಾ: ಗುಜರಿಯವರಿಗೆ ಬೇಡ ಅಂತ ಇವತ್ತೇ ಹೇಳಿಬಿಡು. ಮಾವ, ನೀವು ಹೇಳುವ ಕಾರಣಕ್ಕಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಇಟ್ಟುಕೊಳ್ಳಬೇಕಿಲ್ಲ. 70ರ ದಶಕದಲ್ಲೂ ಕೆಟ್ಟ ಸ್ಪೀಕರ್‌ಗಳು ರಾಶಿ ರಾಶಿ ಬಂದಿದ್ದವು. ಈ ಡಬ್ಬದ ಒಳಗೆ ಒಂದು ಒಳ್ಳೆಯ ಯೋಚನೆ ಇದೆ, ಆ ಯೋಚನೆ ಇವತ್ತಿಗೂ ಕೆಲಸ ಮಾಡುತ್ತದೆ, ಅದಕ್ಕೆ ಇಟ್ಟುಕೊಳ್ಳಬೇಕು ಅನ್ನುತ್ತಿದ್ದೇನೆ.

ರಘು ಮಾವ: ಏನಮ್ಮಾ ಅಂಥ ಯೋಚನೆ? ಡಬ್ಬ ಡಬ್ಬವೇ.

ಸುಮಾ: 1950ರ ಮೊದಲು ಮನೆಯಲ್ಲಿ ಆಳವಾದ ಬಾಸ್ ಬೇಕು ಅಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಕೋನ್ ಹಿಂದಕ್ಕೆ ಮುಂದಕ್ಕೆ ಹೋದಾಗ ಅದನ್ನು ಮತ್ತೆ ಜಾಗಕ್ಕೆ ಎಳೆಯುತ್ತಿದ್ದದ್ದು ಅಂಚಿನ ಗಟ್ಟಿ ಕಾಗದ ಮತ್ತು ಹಿಂದೆ ಸ್ಪೈಡರ್ ಅನ್ನುವ ಮಡಿಕೆ ಬಟ್ಟೆ. ಕೋನ್ ಜಾಸ್ತಿ ಓಡಾಡಿದರೆ ಅವು ಸಮನಾಗಿ ಎಳೆಯುವುದಿಲ್ಲ, ದನಿ ಒಡೆಯುತ್ತದೆ. ಎಡ್ಗರ್ ವಿಲ್ಚರ್ ಎನ್ನುವವರು ಇದನ್ನು ತಲೆಕೆಳಗು ಮಾಡಿದರು. ಅಂಚನ್ನು ತೀರಾ ಸಡಿಲ ಬಿಟ್ಟು, ಸಣ್ಣ ಪೆಟ್ಟಿಗೆಯನ್ನು ಗಾಳಿ ಆಡದ ಹಾಗೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಸೈಕಲ್ ಪಂಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿದು ಹ್ಯಾಂಡಲ್ ಅದುಮಿದರೆ ಅದು ವಾಪಸ್ ತಳ್ಳುತ್ತದಲ್ಲ, ಹಾಗೆ. ಗಾಳಿಯ ಸ್ಪ್ರಿಂಗ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ತಳ್ಳುತ್ತದೆ. ಅದಕ್ಕೇ ಬಾಸ್ ಶುದ್ಧ. 1954ರಲ್ಲಿ ವಿಲ್ಚರ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ (ಎಆರ್) ಕಂಪನಿ ಶುರುಮಾಡಿದರು. 1958ರ ಎಆರ್-3ರಲ್ಲಿ ಗುಮ್ಮಟದ ಆಕಾರದ ಟ್ವೀಟರ್ (ಟ್ರೆಬಲ್ ನುಡಿಸುವ ಭಾಗ) ಬಂತು. ಈಗ ಸಿಗುವ ಸ್ಪೀಕರ್‌ಗಳಲ್ಲಿ ಎಲ್ಲಿ ನೋಡಿದರೂ ಆ ಗುಮ್ಮಟವೇ ಅಲ್ವಾ? ಅಟ್ಟದಲ್ಲಿ ಸಿಕ್ಕ 3ಎ ಬಂದದ್ದು 1967ರಲ್ಲಿ. 12 ಇಂಚಿನ ವೂಫರ್, ಅದರ ಮೇಲೆ ಎರಡು ಗುಮ್ಮಟ.

ದೊಡ್ಡಪ್ಪ: ಸುಮಾ ಸರಿಯಾಗಿ ಹೇಳಿದಳು. ನಾನು ಬಾಸ್ಟನ್‌ನಲ್ಲಿ ಕೆಲಸಕ್ಕಿದ್ದಾಗ ತೆಗೆದುಕೊಂಡದ್ದು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಆ ಕಂಪನಿಯವರದೇ ಒಂದು ಕೋಣೆ ಇತ್ತು. ಯಾರು ಬೇಕಾದರೂ ಹೋಗಿ ಕೂತು ಕೇಳಬಹುದಿತ್ತು. ಅಲ್ಲಿ ಮಾರಾಟ ಇರಲಿಲ್ಲ, ತಗೊಳ್ಳಿ ಅಂತ ಯಾರೂ ಹೇಳುತ್ತಿರಲಿಲ್ಲ. ಬರುವಾಗ ಹಡಗಿನಲ್ಲಿ ಹಾಕಿಸಿ ತಂದೆ.

ವಿನಯ್: ಅಮೆರಿಕದ್ದು ಅಂದರೆ 110 ವೋಲ್ಟ್ ಅಲ್ವಾ? ಇಲ್ಲಿ ಹಾಕಿದರೆ ಸುಟ್ಟು ಹೋಗಲ್ವಾ?

ಸುಮಾ: ಸ್ಪೀಕರ್‌ಗೆ ಗೋಡೆಯ ಕರೆಂಟೇ ಬೇಡ ಕಣೋ. ಆಂಪ್‌ನಿಂದ (ಆಂಪ್ಲಿಫೈಯರ್‌ನಿಂದ) ಬರುವ ಎರಡು ತಂತಿ, ಅಷ್ಟೇ. ಅಲ್ಲಿನ ರಿಸೀವರ್ ಇದ್ದರೆ ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು.

ರಘು ಮಾವ: ನಮ್ಮ ಮನೆಯಲ್ಲಿ ಮುಂದೆ ಮರದ ಜಾಲಿ ಇದ್ದ ಸ್ಯಾನ್ಸುಯಿ ಇತ್ತು. ಒಂದು ಪೆಟ್ಟಿಗೆಯಲ್ಲಿ ಐದಾರು ಕೋನ್. ಅದೂ ಹಳೆಯದೇ. ಅದರ ಗತ್ತೇ ಬೇರೆ.

ಸುಮಾ: ಆ ಜಾಲಿ ನನಗೂ ತುಂಬಾ ಇಷ್ಟ ಮಾವ. ಜಪಾನಿನ ಕುಮಿಕೊ ಮರಗೆಲಸ ಅದು, ಮೊಳೆ ಹೊಡೆಯದೆ ಪಟ್ಟಿಗೆ ಪಟ್ಟಿ ಜೋಡಿಸುವುದು. ನೋಡಲು 3ಎಗಿಂತ ನೂರು ಪಾಲು ಚಂದ. ಆದರೆ ಒಂದೇ ಪೆಟ್ಟಿಗೆಯಲ್ಲಿ ಅಷ್ಟೊಂದು ಕೋನ್ ತುಂಬಿದಾಗ ಒಂದೇ ಸ್ವರ ಎರಡು ಮೂರು ಕಡೆಯಿಂದ ಹೊರಡುತ್ತದೆ, ಕಿವಿಗೆ ಒಟ್ಟೊಟ್ಟಿಗೆ ತಲುಪುವುದಿಲ್ಲ, ಒಂದನ್ನೊಂದು ಕೆಡಿಸುತ್ತದೆ. ಕೂತ ಜಾಗದಿಂದ ತಲೆ ಸ್ವಲ್ಪ ಆಚೀಚೆ ಮಾಡಿದರೂ ಹಾಡುವವರ ದನಿ ಬದಲಾಗುತ್ತದೆ. ಅಂಗಡಿಯಲ್ಲಿ ಜೋರಾಗಿ ಕೇಳಿಸಿ ಮಾರಲು ಅದು ಸರಿ, ಮನೆಯಲ್ಲಿ ಎರಡು ಗಂಟೆ ಕಛೇರಿ ಕೇಳಲು ಸರಿಯಲ್ಲ.

ರಘು ಮಾವ: ಇದನ್ನು ನಾನು ಒಪ್ಪಲ್ಲ. ನಾವು ಅದರಲ್ಲೇ ಎಷ್ಟು ಕಛೇರಿ ಕೇಳಿದ್ದೇವೆ.

ವಿನಯ್: ಸುಮಕ್ಕ, ಇದೆಲ್ಲಾ ಸರಿ, ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ನನ್ನ ಸೌಂಡ್‌ಬಾರ್ ಇದರ ಕಾಲು ಭಾಗವೂ ಇಲ್ಲ, ಬಾಸ್ ಚೆನ್ನಾಗೇ ಬರುತ್ತಲ್ವಾ?

ಸುಮಾ: ಹೆನ್ರಿ ಕ್ಲಾಸ್ ಜೊತೆ ಆಮೇಲೆ ಕೆಎಲ್‌ಎಚ್ ಕಂಪನಿ ಕಟ್ಟಿದ ಹಾಫ್‌ಮನ್ ಹೆಸರಿನಲ್ಲಿ ಒಂದು ನಿಯಮ ಇದೆ. ಆಳದ ಬಾಸ್, ಸಣ್ಣ ಪೆಟ್ಟಿಗೆ, ಕಡಿಮೆ ವ್ಯಾಟ್‌ನಲ್ಲಿ ಜೋರು ಸದ್ದು. ಮೂರರಲ್ಲಿ ಎರಡು ಮಾತ್ರ ಸಿಗುತ್ತದೆ. 3ಎ ಮೊದಲ ಎರಡನ್ನು ತೆಗೆದುಕೊಂಡು ಮೂರನೆಯದನ್ನು ಬಿಟ್ಟಿತು. ಅದಕ್ಕೇ ಅದಕ್ಕೆ ದೊಡ್ಡ ಆಂಪ್ ಬೇಕು. ಅದರ ವಿದ್ಯುತ್ ತಡೆ ಬರೀ 4 ಓಂ ಬೇರೆ, ಸಣ್ಣ ಆಂಪ್ ಬಿಸಿಯಾಗಿ ಕೈಕೊಡುತ್ತದೆ. ನಿನ್ನ ಸೌಂಡ್‌ಬಾರ್ ಒಳಗಿನ ಚಿಪ್ ಮೆಲ್ಲಗೆ ಇಟ್ಟಾಗ ಬಾಸ್ ಎತ್ತಿ ಕೊಡುತ್ತದೆ, ವಾಲ್ಯೂಮ್ ಏರಿಸಿದಂತೆ ಸಣ್ಣ ಕೋನ್ ಹರಿಯಬಾರದು ಅಂತ ಬಾಸನ್ನು ತಾನೇ ಇಳಿಸುತ್ತದೆ. ಇವತ್ತು ರಾತ್ರಿ ಒಂದು ಮೃದಂಗದ ತನಿ ಹಾಕಿ ವಾಲ್ಯೂಮ್ ಸ್ವಲ್ಪ ಸ್ವಲ್ಪವೇ ಏರಿಸಿ ನೋಡು. ಎಡಗಡೆಯ ಗುಮ್ಕಿ ಕೆಳಗಿಂದ ಮೇಲಕ್ಕೆ ಜಾರುತ್ತದಲ್ಲ, ಆ ಜಾರು ಹೋಗಿ ಬರೀ ‘ಗುಂ’ ಉಳಿಯುತ್ತದೆ. ಸರಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಜಾರು ಪೂರ್ತಿ ಕೇಳುತ್ತದೆ. ನಾನು ಜಗಳ ಆಡುತ್ತಿರುವುದು ಅದಕ್ಕೋಸ್ಕರವೇ.

ವಿನಯ್: ಆದರೆ ಟ್ರೆಬಲ್ ಮಂಕು. ನಾನು ಆಂಪ್‌ಗೆ ಹಾಕಿ ನೋಡಿದೆ. ಒಂದರಲ್ಲಿ ಹಾಡು ಕಂಬಳಿ ಹೊದ್ದ ಹಾಗಿದೆ, ಇನ್ನೊಂದರಲ್ಲಿ ಬರೀ ಬಾಸ್, ಮಾತೇ ಕೇಳಲ್ಲ. ಸತ್ತಿದೆ ಅಂದುಕೊಂಡೆ.

ಸುಮಾ: ಫೋಮ್ ಹರಿದಿರುವಾಗ ಮತ್ತೆ ಹಾಕಬೇಡ, ಕೋನ್ ಹಿಂದಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಉಜ್ಜಿ ಹಾಳಾಗುತ್ತದೆ. ಹಿಂದೆ ಮೂರು ತಿರುಪು ಇವೆ, 1, 2, ಟಿ. 2ಕ್ಕೂ ಟಿಗೂ ನಡುವೆ ಒಂದು ಸಣ್ಣ ಲೋಹದ ಪಟ್ಟಿ ಇದೆಯಾ ನೋಡು.

ವಿನಯ್: ಒಂದರಲ್ಲಿ ಇದೆ. ಬರೀ ಬಾಸ್ ಬರುವುದರಲ್ಲಿ ಇಲ್ಲ!

ಸುಮಾ: ಅಷ್ಟೇ. ಆ ಪಟ್ಟಿ ಇಲ್ಲದಿದ್ದರೆ ಮೇಲಿನ ಎರಡು ಗುಮ್ಮಟಕ್ಕೆ ದಾರಿಯೇ ಇಲ್ಲ. ಒಂದು ತುಂಡು ತಾಮ್ರದ ತಂತಿ ಸಾಕು. ಪಕ್ಕದಲ್ಲಿ ತಿರುಗಿಸುವ ಗುಂಡಿ ಎರಡು ಇವೆ, ಒಂದು ಮಧ್ಯದ ದನಿಗೆ, ಒಂದು ಟ್ರೆಬಲ್‌ಗೆ. ಅವುಗಳ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಈ ಮಾಡೆಲ್‌ಗೆ ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಸುಮ್ನೆ ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸು, ಅರ್ಧ ಮಂಕು ಅಲ್ಲೇ ಹೋಗುತ್ತದೆ. ಉಳಿದ ಅರ್ಧ ಹೋಗುವುದಿಲ್ಲ, ಅದು ಬೇಕೆಂದೇ ಮಾಡಿದ್ದು. ಎದುರಿಗೆ ಕೂತವರ ಕಿವಿಗೆ ಚುಚ್ಚುವ ಬದಲು ಕೋಣೆಗೆಲ್ಲಾ ಸಮನಾಗಿ ಹರಡಲಿ ಅಂತ. ಇಲ್ಲಿ ಮಾತ್ರ ನಿನ್ನ ಮಾತು ಒಪ್ಪುತ್ತೇನೆ, ಟ್ರೆಬಲ್ ವಿಷಯದಲ್ಲಿ ಈಗಿನ ಒಳ್ಳೆಯ ಸ್ಪೀಕರ್‌ಗಳು ಖಂಡಿತ ಮುಂದಿವೆ. 3ಎಯ ಮುಂದಿನ ಹಲಗೆಯ ಸುತ್ತ ಎದ್ದಿರುವ ಚೌಕಟ್ಟಿಗೆ ಬಡಿದು ದನಿ ಚದುರುತ್ತದೆ. ಈಗ ಹೆಚ್ಚಿನವರು ಹಾಗೆ ಮಾಡುವುದಿಲ್ಲ.

ದೊಡ್ಡಮ್ಮ: ಎಲ್ಲಾ ಸರಿ, ಇಡೋದು ಎಲ್ಲಿ?

ದೊಡ್ಡಪ್ಪ: ಆಗ ಇದನ್ನು ಪುಸ್ತಕದ ಕಪಾಟಿನ ಸ್ಪೀಕರ್ ಅಂತಲೇ ಮಾರುತ್ತಿದ್ದರು. 25 ಇಂಚು ಎತ್ತರ, 14 ಇಂಚು ಅಗಲ. ನನ್ನ ಕೋಣೆಯ ಕಲ್ಲಿನ ಕಪಾಟಿನಲ್ಲಿ ಅಡ್ಡಡ್ಡ ಮಲಗಿಸಿದರೆ ಕೂರುತ್ತೆ.

ದೊಡ್ಡಮ್ಮ: ನಿಮ್ಮ ಕೋಣೆ ಆದರೆ ನನ್ನ ತಕರಾರು ಇಲ್ಲ.

ರಘು ಮಾವ: ಫೋಮ್ ಬದಲು ಒಳ್ಳೇ ರಬ್ಬರ್ ಹಾಕಿಸಿಬಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ದಿನದಲ್ಲಿ ಹಾಕಿಕೊಡುತ್ತಾರೆ, ಇನ್ನು ಐವತ್ತು ವರ್ಷ ನೋಡೋ ಹಾಗಿಲ್ಲ.

ಸುಮಾ: ದಯವಿಟ್ಟು ಬೇಡ ಮಾವ. ಮೆರವಣಿಗೆಯ ಸ್ಪೀಕರ್‌ಗೆ, ಕಾರಿನ ಸ್ಪೀಕರ್‌ಗೆ ಅದು ಸರಿ. ಇದರಲ್ಲಿ ಸ್ಪ್ರಿಂಗ್ ಕೆಲಸ ಗಾಳಿಯದು, ಅಂಚು ಎಷ್ಟು ಸಡಿಲ ಇರುತ್ತದೋ ಅಷ್ಟು ಒಳ್ಳೆಯದು. ಈ ವೂಫರ್ ಹೊರಗಿದ್ದಾಗ ಅದರ ಸ್ವಂತ ಕಂಪನ ಸೆಕೆಂಡಿಗೆ ಸುಮಾರು 18 ಸಲ (18 ಹರ್ಟ್ಜ್), ಪೆಟ್ಟಿಗೆಯೊಳಗೆ ಕೂತಾಗ 42ರ ಹತ್ತಿರ. ಗಟ್ಟಿ ರಬ್ಬರ್ ಹಾಕಿದರೆ ಅದು ಮೇಲೆ ಹೋಗುತ್ತದೆ, ಕೆಳಗಿನ ಬಾಸ್ ಅಷ್ಟೂ ಮಾಯ. ನಮ್ಮ ಪರಿಚಯದವರೊಬ್ಬರ ಜೋಡಿ ಹಾಗೇ ಆಯಿತು. ನೋಡಲು ಹೊಸದು, ಕೇಳಲು ಟ್ರಾನ್ಸಿಸ್ಟರ್. ಇದೇ ಅಳತೆಯ ಮೆತ್ತನೆಯ ಫೋಮ್ ಈಗಲೂ ತರಿಸಬಹುದು. ಅದೂ ಹದಿನೈದು ಇಪ್ಪತ್ತು ವರ್ಷದಲ್ಲಿ ಉದುರುತ್ತದೆ, ಗಾಳಿಯ ತೇವವೇ ಅದನ್ನು ತಿನ್ನುತ್ತದೆ. ಉದುರಲಿ, ಮತ್ತೆ ಹಾಕೋಣ.

ರಘು ಮಾವ: ಹಾಗಾದರೆ ಹಾಕಿದ ಮೇಲೆ ನನ್ನನ್ನು ಕರೆಯಿರಿ. ನನ್ನ ಸ್ಯಾನ್ಸುಯಿ ಈಗ ತಮ್ಮನ ಮನೆಯಲ್ಲಿದೆ, ಅದನ್ನೂ ತರುತ್ತೇನೆ. ಒಂದೇ ಎಲ್‌ಪಿ ಎರಡರಲ್ಲೂ ಹಾಕಿ ಕೇಳೋಣ, ಆಮೇಲೆ ಮಾತು.

ಸುಮಾ: ಖಂಡಿತ ತನ್ನಿ ಮಾವ. ಆದರೆ ಎರಡರ ಸದ್ದೂ ಒಂದೇ ಮಟ್ಟಕ್ಕೆ ತಂದ ಮೇಲೆಯೇ ಕೇಳಬೇಕು, ಇಲ್ಲದಿದ್ದರೆ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನಿಸುತ್ತದೆ. ಎಆರ್ ಕಂಪನಿಯವರು 60ರ ದಶಕದಲ್ಲಿ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ಗುಂಪಿನ ವಾದಕರನ್ನು ವೇದಿಕೆ ಮೇಲೆ ಕೂರಿಸಿ, ನಡುನಡುವೆ ಅವರು ಬಿಲ್ಲು ಆಡಿಸುತ್ತಿರುವಾಗಲೇ ಅವರದೇ ಧ್ವನಿಮುದ್ರಿಕೆಯನ್ನು ಎಆರ್-3 ಸ್ಪೀಕರ್‌ನಲ್ಲಿ ಬಿಟ್ಟು, ಕೇಳುಗರಿಗೆ ವ್ಯತ್ಯಾಸ ಗೊತ್ತಾಗುತ್ತದಾ ನೋಡುತ್ತಿದ್ದರು. ಆಗಲೂ ಮಟ್ಟ ಹೊಂದಿಸುವುದೇ ಮುಖ್ಯ ಕೆಲಸ.

ವಿನಯ್: ಗುಜರಿಯವರಿಗೆ ಫೋನ್ ಮಾಡಿ ಪೇಪರ್, ಕಬ್ಬಿಣ ಮಾತ್ರ ಅಂದಿದ್ದೇನೆ. ನಾನೀಗ ಏನು ಮಾಡಲಿ?

ಸುಮಾ: ಮೀಟರನ್ನು ಓಂಗೆ ಇಟ್ಟು 1ಕ್ಕೂ 2ಕ್ಕೂ ಹಿಡಿದು ನೋಡು. ಎರಡು ಮೂರು ಓಂ ತೋರಿಸಿದರೆ ವೂಫರ್ ಕಾಯಿಲ್ ಕಡಿದಿಲ್ಲ. ಆಮೇಲೆ ಮುಖ ಮೇಲೆ ಮಾಡಿ ಮಲಗಿಸಿ ಹಳೇ ಬೆಡ್‌ಶೀಟ್ ಮುಚ್ಚು. ಗುಮ್ಮಟಗಳನ್ನು ಬೆರಳಿನಿಂದ ಮುಟ್ಟಬೇಡ, ಅವು ಹೋದರೆ ಸಿಗುವುದಿಲ್ಲ. ಒಳಗೆ ಗ್ಲಾಸ್ ಫೈಬರ್ ತುಂಬಿದ್ದಾರೆ, ಕೈಗವಸು ಇಲ್ಲದೆ ಬಿಚ್ಚಬೇಡ. ಫೋಮ್ ಬಂದ ತಕ್ಷಣ ನಾನೇ ಬಂದು ಅಂಟಿಸುತ್ತೇನೆ.

ವಿನಯ್: ಮೀಟರ್ ಎರಡರಲ್ಲೂ ಮೂರರ ಒಳಗೇ ತೋರಿಸುತ್ತಿದೆ.

ದೊಡ್ಡಪ್ಪ: ಫೋಮ್‌ಗೆ ಎಷ್ಟಾಗುತ್ತೋ ಹೇಳು ಸುಮಾ, ಇವತ್ತೇ ಕಳಿಸುತ್ತೇನೆ.