ಹಳೆಯ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಡಿಸ್ಟಾರ್ಷನ್ ಸರಿಯಾಗಿ ಬರುತ್ತಿಲ್ಲ: ಬಲ್ಲವರು ಅನುಭವ ತಿಳಿಸಿ

ಬೀದರಿನಿಂದ ಪ್ರಶ್ನೆ

ನಮ್ಮ ಆರ್ಕೆಸ್ಟ್ರಾದ ಹಿರಿಯರೊಬ್ಬರು ಬಳಸುತ್ತಿದ್ದ, 1970ರ ದಶಕದ ಅಮೆರಿಕದ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಈಗ ನನ್ನ ಬಳಿ ಇದೆ. ಸಾದಾ ಸ್ವರ ಚೆನ್ನಾಗಿಯೇ ಬರುತ್ತದೆ. ಆದರೆ ಮಾಸ್ಟರ್ ವಾಲ್ಯೂಮ್ ಗುಂಡಿಯನ್ನು ಹೊರಕ್ಕೆ ಎಳೆದಾಗ ಬರಬೇಕಾದ ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒರಟಾಗಿಸಿದ ಸ್ವರ, ಒಮ್ಮೆ ಬಂದರೆ ಮತ್ತೊಮ್ಮೆ ಬರುವುದಿಲ್ಲ. ಬಂದಾಗಲೂ ಸ್ವರ ತುಂಡುತುಂಡಾಗುತ್ತದೆ. ಎಲ್ಲ ವಾಲ್ವ್‌ಗಳನ್ನೂ ಬದಲಿಸಬೇಕೆಂದು ಇಲ್ಲಿಯ ಮೆಕ್ಯಾನಿಕ್ ಹೇಳುತ್ತಾರೆ. ಅಷ್ಟು ಹಣ ಹಾಕುವ ಮೊದಲು ಏನನ್ನು ಪರೀಕ್ಷಿಸಬೇಕು?

ಕಲಬುರಗಿಯಿಂದ ಉತ್ತರ

ಸರ್, ಸಾದಾ ಸ್ವರ ಸರಿಯಾಗಿದೆಯೆಂದರೆ ಪವರ್ ವಾಲ್ವ್‌ಗಳು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರ್ ಬಹುಮಟ್ಟಿಗೆ ಕ್ಷೇಮವಾಗಿವೆ ಎಂದೇ ತಿಳಿಯಬೇಕು; ಆದ್ದರಿಂದ ಎಲ್ಲ ವಾಲ್ವ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಎಳೆಯುವ ಗುಂಡಿಯ ಬೆನ್ನಿಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ನಮ್ಮ ಭಾಗದ ಧೂಳಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಅದರ ಕಾಂಟ್ಯಾಕ್ಟ್‌ಗಳು ಕಪ್ಪಿಟ್ಟು, ನೀವು ಹೇಳಿದಂತೆಯೇ ಒಮ್ಮೆ ಕೂಡುತ್ತವೆ, ಒಮ್ಮೆ ಬಿಡುತ್ತವೆ. ನನ್ನ ಆಂಪ್‌ನಲ್ಲಿ ಗುಂಡಿಯನ್ನು ಎಳೆದು ಬೆರಳಿನಿಂದ ತುಸು ಪಕ್ಕಕ್ಕೆ ಒತ್ತಿದರೆ ಡಿಸ್ಟಾರ್ಷನ್ ಥಟ್ಟನೆ ಬರುತ್ತಿತ್ತು, ಬೆರಳು ತೆಗೆದೊಡನೆ ಹೋಗುತ್ತಿತ್ತು. ಮೊದಲು ಅಷ್ಟನ್ನು ಮಾಡಿ ನೋಡಿ, ಅದಕ್ಕೆ ಯಾವ ಖರ್ಚೂ ಇಲ್ಲ.

ದೋಷ ಅಲ್ಲೇ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಹೊಲಿಗೆ ಯಂತ್ರದ ಎಣ್ಣೆ ಮಾತ್ರ ಬಿಡಬೇಡಿ. ಅದು ಇನ್ನಷ್ಟು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಸ್ಪ್ರೇ ಒಳಗೆ ಹೋಗಬೇಕಾದರೆ ಷಾಸಿಯನ್ನು (ಒಳಗಿನ ಲೋಹದ ಚೌಕಟ್ಟನ್ನು) ಹೊರತೆಗೆಯಬೇಕಾಗುತ್ತದೆ, ಮತ್ತು ಅಲ್ಲಿ 400 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳು ಆ ಚಾರ್ಜನ್ನು ಹಿಡಿದುಕೊಂಡಿರುವುದರಿಂದ, ಅವನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮಲ್ಟಿಮೀಟರ್‌ನಲ್ಲಿ ಸೊನ್ನೆಯ ಸಮೀಪ ಬಂದುದನ್ನು ಕಣ್ಣಾರೆ ನೋಡಿದ ನಂತರವೇ ಕೈ ಹಾಕಬೇಕು. ಇದರ ಅಭ್ಯಾಸವಿಲ್ಲದಿದ್ದರೆ ವಾಲ್ವ್ ರೇಡಿಯೋ ರಿಪೇರಿ ಮಾಡಿ ಪಳಗಿದ ಹಿರಿಯರನ್ನು ಹುಡುಕಿ. ಮೊಬೈಲ್ ರಿಪೇರಿಯವರ ಕೈಗೆ ಕೊಡುವ ಕೆಲಸ ಇದಲ್ಲ.

ವಾಲ್ವ್ ಮೇಲೆಯೇ ಅನುಮಾನವಿದ್ದರೆ ಅದನ್ನೂ ಪುಕ್ಕಟೆಯಾಗಿ ಪರೀಕ್ಷಿಸಬಹುದು. ಟ್ರೆಮೊಲೊ (ಧ್ವನಿಯ ಮಟ್ಟವನ್ನು ಏರಿಳಿಸುವ) ಕೆಲಸಕ್ಕಿರುವ ವಾಲ್ವ್ ಮತ್ತು ನೀವು ನುಡಿಸುವ ಚಾನೆಲ್‌ನ ಪ್ರೀಆಂಪ್ (ಮೊದಲ ಹಂತದ) ವಾಲ್ವ್ ಎರಡೂ 12ಎಎಕ್ಸ್7 ಆಗಿದ್ದರೆ, ಆಂಪ್ ಆರಿಸಿ ತಣ್ಣಗಾದ ಮೇಲೆ ಅವುಗಳನ್ನು ಅದಲುಬದಲು ಮಾಡಿ. ದೋಷವೂ ಜೊತೆಗೆ ಸ್ಥಳ ಬದಲಿಸಿದರೆ ಒಂದೇ ವಾಲ್ವ್ ಕೊಂಡರಾಯಿತು. 12ಎಟಿ7 ನೋಡಲು ಹಾಗೆಯೇ ಇದ್ದರೂ ಅದರ ವರ್ಧನೆ ಕಡಿಮೆ, ಗಾಜಿನ ಮೇಲಿನ ಸಂಖ್ಯೆ ಓದಿಕೊಳ್ಳಿ. ಇಸಿಸಿ83 ಎಂದು ಬರೆದಿದ್ದರೆ ಗಾಬರಿ ಬೇಡ, 12ಎಎಕ್ಸ್7ಕ್ಕೆ ಯುರೋಪಿನಲ್ಲಿರುವ ಹೆಸರು ಅದು.

ಯಾದಗಿರಿಯಿಂದ ಉತ್ತರ

ಕರೆಂಟಿನ ವಿಷಯವನ್ನು ಯಾರೂ ಹೇಳಲಿಲ್ಲ. ಅಮೆರಿಕದ ಆಂಪ್ ಎಂದರೆ 120 ವೋಲ್ಟ್‌ನದಿರಬಹುದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟೇ ನಡೆಸುತ್ತಿರುತ್ತೀರಿ. ಬೇಸಿಗೆಯ ಸಂಜೆ ಊರಿನ ಕೂಲರ್‌ಗಳೆಲ್ಲ ಓಡುವಾಗ 230 ಇರಬೇಕಾದ ಲೈನ್ 180ಕ್ಕೆ ಇಳಿದರೆ, 6.3 ವೋಲ್ಟ್ ಬೇಕಾದ ವಾಲ್ವ್ ಹೀಟರ್‌ಗೆ ಸಿಗುವುದು 5 ವೋಲ್ಟ್‌ಗೂ ಕಡಿಮೆ. ಆಗ ಒಳ್ಳೆಯ ವಾಲ್ವ್ ಕೂಡ ಸತ್ತಂತೆ ಕಾಣುತ್ತದೆ. ಬೆಳಗಿನ ಜಾವ ಒಮ್ಮೆ ನುಡಿಸಿ ಹೋಲಿಸಿ.

ಹುಮನಾಬಾದಿನಿಂದ ಉತ್ತರ

ಕಲಬುರಗಿಯವರು ಹೇಳಿದ್ದು ಬಂದು ಹೋಗುವ ದೋಷಕ್ಕೆ ಸರಿ, ಆದರೆ ಸ್ವರ ತುಂಡಾಗುವುದನ್ನು ಸ್ವಿಚ್ಚಿನ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಒಂದು ಹಂತದಿಂದ ಮುಂದಿನ ಹಂತಕ್ಕೆ ಸ್ವರವನ್ನು ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಪಲಿಂಗ್ ಕೆಪಾಸಿಟರ್ ಹಳೆಯದಾಗಿ ಸೋರತೊಡಗಿದರೆ, ಮುಂದಿನ ವಾಲ್ವ್‌ನ ಗ್ರಿಡ್ (ಸ್ವರ ಒಳಬರುವ ತುದಿ) ಮೇಲೆ ಡಿಸಿ ಕುಳಿತು ಸ್ವರ ಹೀಗೆಯೇ ಒಡೆಯುತ್ತದೆ. ಆ ಗ್ರಿಡ್ ಬದಿಯಲ್ಲಿ ಮೀಟರ್ ಸೊನ್ನೆಯ ಆಸುಪಾಸು ತೋರಿಸಬೇಕು. ಒಂದೆರಡು ವೋಲ್ಟ್ ಕಂಡರೂ ಅದನ್ನು ಬದಲಿಸಿ. ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ 630 ಇರುವ ಫಿಲ್ಮ್ ಕೆಪಾಸಿಟರ್ ಕೇಳಿ. ಬಿಡಿಭಾಗಗಳಿಗೆ ನಮಗೆ ಬೆಂಗಳೂರಿನ ಎಸ್‌ಪಿ ರೋಡ್‌ಗಿಂತ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯೇ ಹತ್ತಿರ. ಹಳೆಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್ ಕಣ್ಣಿಗೆ ಬಿದ್ದರೆ ಬಿಡಬೇಡಿ, ಬೆಂಗಳೂರಿನಲ್ಲಿ ತಯಾರಾದ ಅವು ಇಂದಿಗೂ ಚೆನ್ನಾಗಿ ನುಡಿಯುತ್ತವೆ.

ಇನ್ನೊಂದು ಮಾತು: ಬ್ರಿಟನ್ನಿನ ಕಿಂಕ್ಸ್ ರಾಕ್ ತಂಡದ ಗಿಟಾರ್ ವಾದಕ ಡೇವ್ ಡೇವಿಸ್ 1964ರಲ್ಲಿ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಕೊಯ್ದು ಒರಟು ಸ್ವರ ಪಡೆದರೆಂಬುದನ್ನು ಕೇಳಿ ಹುಡುಗರು ನಿಮಗೂ ಅದೇ ಸಲಹೆ ಕೊಟ್ಟಾರು. ಅವರು ಕೊಯ್ದದ್ದು ಅಗ್ಗದ ಪುಟ್ಟ ಆಂಪ್‌ನ ಸ್ಪೀಕರು. ನಿಮ್ಮದಕ್ಕೆ ಬ್ಲೇಡು ತಾಗಿಸಬೇಡಿ. ಸ್ಪೀಕರ್ ತಂತಿ ಬಿಚ್ಚಿಟ್ಟು ಆಂಪ್ ಚಾಲೂ ಮಾಡಲೂಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ಬೀದರಿನಿಂದ ಮರುಪತ್ರ

ಎಲ್ಲರಿಗೂ ವಂದನೆಗಳು. ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಎದುರಿನಲ್ಲೇ ಷಾಸಿ ಬಿಚ್ಚಿಸಿದೆ. ಸ್ಪ್ರೇ ಹೊಡೆದ ಮೇಲೆ ಡಿಸ್ಟಾರ್ಷನ್ ಎಳೆದಾಗಲೆಲ್ಲ ಬರುತ್ತಿದೆ, ಆದರೆ ಒಡಕು ಹಾಗೆಯೇ ಉಳಿದಿದೆ. ಗ್ರಿಡ್ ಬದಿಯಲ್ಲಿ ಮೀಟರ್ ಮೂರು ವೋಲ್ಟ್ ತೋರಿಸಿತು. ಕೆಪಾಸಿಟರ್‌ಗೆ ಕೋಠಿಗೆ ಹೇಳಿ ಕಳಿಸಿದ್ದೇನೆ; ವಾಲ್ವ್‌ಗಳನ್ನು ಸದ್ಯ ಮುಟ್ಟುವುದಿಲ್ಲ.