ಪದಚರ್ಚೆ: ‘ಅಕ್ಷರಗಳನ್ನೂ ಅಂಕಿಗಳನ್ನೂ ಬೇರ್ಪಡಿಸಿ’ ಎಂದರೆ ಏನು?

ಪ್ರಶ್ನೆ: ಡೇಟಾ ಶುದ್ಧಿ ಮಾಡುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ‘ಕೆಎ೦೫ಎಂ೧೨೩೪’, ‘೪೫/೨ಅ’ ಥರದ ವಾಹನ ನೋಂದಣಿ, ಸರ್ವೆ ನಂಬರುಗಳನ್ನು ಬಿಡಿಸುವ ಪಾಠದಲ್ಲಿ ‘ಅಕ್ಷರಗಳನ್ನೂ ಅಂಕಿಗಳನ್ನೂ ಬೇರ್ಪಡಿಸಿ’ ಎಂಬ ವಾಕ್ಯವಿದೆ. ಅಂಕ, ಅಂಕಿ, ಅಂಕೆ, ಸಂಖ್ಯೆ ಇವುಗಳಲ್ಲಿ ಯಾವುದನ್ನು ಬಳಸಬೇಕು? ‘ಲೆಟರ್’ಗೂ ‘ಕ್ಯಾರೆಕ್ಟರ್’ಗೂ ‘ಅಕ್ಷರ’ ಒಂದೇ ಸಾಕೇ?

ಉತ್ತರ 1: ಬೆಲೆ ಇರುವುದು ಸಂಖ್ಯೆ, ಅದನ್ನು ಬರೆಯುವ ಹತ್ತು ಗುರುತುಗಳು ಅಂಕಿ. ನೋಂದಣಿಯ ‘೦೫’ ಜಯನಗರ ಆರ್‌ಟಿಒದ ಗುರುತು, ಕೂಡಿಸಿ ಕಳೆಯುವಂಥದ್ದಲ್ಲ. ಅದನ್ನು ‘ಸಂಖ್ಯೆ’ ಎಂದು ಬರೆದರೆ ಓದಿದವರು ಸಂಖ್ಯೆಯಾಗಿಯೇ ಪರಿವರ್ತಿಸುತ್ತಾರೆ. ಮೊದಲಿನ ಸೊನ್ನೆ ಹಾರಿಹೋಗಿ ಬರೀ 5 ಉಳಿಯುತ್ತದೆ. ‘ಅಂಕ’ ಪರೀಕ್ಷೆಗೂ ನಾಟಕಕ್ಕೂ ಸಂದಿದೆ. ‘ಅಂಕೆ’ ತಪ್ಪಲ್ಲ, ಆದರೆ ಅದಕ್ಕೆ ಹತೋಟಿಯ ಅರ್ಥವೂ ಅಂಟಿಕೊಂಡಿದೆ. ‘ಅಂಕಿ’ ಇರಲಿ.

ತೊಡಕಿರುವುದು ‘ಅಕ್ಷರ’ದಲ್ಲಿ. ನಮಗೆ ‘ಕ್ಷಿ’ ಒಂದೇ ಅಕ್ಷರ. ಯೂನಿಕೋಡ್‌ಗೆ (ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಡುವ ಕಂಪ್ಯೂಟರ್ ಸಂಕೇತ ವ್ಯವಸ್ಥೆಗೆ) ಅದು ಕ, ವಿರಾಮ (ಸ್ವರವನ್ನು ಅಳಿಸುವ ಚಿಹ್ನೆ), ಷ, ಗುಡಿಸು ಎಂಬ ನಾಲ್ಕು ಕ್ಯಾರೆಕ್ಟರ್. ಅವುಗಳಲ್ಲಿ ‘ಲೆಟರ್’ ವರ್ಗಕ್ಕೆ ಸೇರಿದವು ಕ ಮತ್ತು ಷ ಮಾತ್ರ. ಹಾಗಾಗಿ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ‘ಈಸ್‌ಆಲ್ಫಾ’ (ಎಲ್ಲವೂ ಲೆಟರೇ ಎಂದು ನೋಡುವ ಆದೇಶ) ‘ಮರ’ಕ್ಕೆ ಹೌದೆನ್ನುತ್ತದೆ, ‘ಮನೆ’ಗೆ ಇಲ್ಲವೆನ್ನುತ್ತದೆ. ಅದರಿಂದ ಒಂದೊಂದೇ ಕ್ಯಾರೆಕ್ಟರನ್ನು ಸೋಸಿದರೆ ‘ಕನ್ನಡ’ ಹೋಗಿ ‘ಕನನಡ’, ‘ಕೆಎ’ ಹೋಗಿ ‘ಕಎ’, ‘ಎಂ’ ಹೋಗಿ ಬರೀ ‘ಎ’. ‘ಕ್ಯಾರೆಕ್ಟರ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ವಾಸಿ.

ಕೈಪಿಡಿಯ ವಾಕ್ಯವನ್ನೇ ತಿರುಗಿಸಿ ಬರೆಯಿರಿ: ‘ಅಂಕಿಗಳ ಸಾಲು ಶುರುವಾಗುವಲ್ಲಿ, ಮುಗಿಯುವಲ್ಲಿ ಕತ್ತರಿಸಿ; ಮಿಕ್ಕಿದ್ದನ್ನು ಮುಟ್ಟಬೇಡಿ.’ ರೆಗೆಕ್ಸ್‌ನಲ್ಲಿ, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದಲ್ಲಿ, ([0-9೦-೯]+) ಎಂದು ಎರಡು ಬಗೆಯ ಅಂಕಿಗಳನ್ನೂ ಬಿಡಿಸಿ ಹೇಳಿ. ಬ್ಯಾಕ್‌ಸ್ಲ್ಯಾಶ್-ಡಿ (‘ಯಾವುದೇ ಅಂಕಿ’ ಎಂಬ ರೆಗೆಕ್ಸ್ ಗುರುತು) ನೆಚ್ಚಿಕೊಳ್ಳುವಂತಿಲ್ಲ: ಪೈಥಾನ್ 3ರಲ್ಲಿ ಅದು ಕನ್ನಡ ಅಂಕಿಗಳನ್ನೂ ಹಿಡಿಯುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿಯುವುದಿಲ್ಲ. ಹೊರಗಿನ ಆವರಣವೂ ಬೇಕು. ಅದಿಲ್ಲದೆ ಸ್ಪ್ಲಿಟ್ (ತುಂಡು) ಮಾಡಿದರೆ ಅಂಕಿಗಳೇ ಕಳೆದುಹೋಗುತ್ತವೆ. ಸರ್ವೆ ನಂಬರಿನ ಓರೆಗೆರೆಯನ್ನು ಕಸವೆಂದು ಗುಡಿಸಿಬಿಟ್ಟರೆ ೪೫/೨ಅ ಎಂಬುದು ೪೫೨ಅ ಆಗಿ, ಜಮೀನು ಇನ್ನಾರದ್ದೋ ಆಗುತ್ತದೆ!

ಉತ್ತರ 2: ಮೇಲಿನವರು ಹೇಳಿದ ರೆಗೆಕ್ಸ್ ಓಡಿಸುವ ಮೊದಲೇ ಮುಗಿಸಬೇಕಾದ ಎರಡು ಕೆಲಸಗಳಿವೆ.

ಹಳೆಯ ನುಡಿ ಫಾಂಟಿನ (ಯೂನಿಕೋಡ್ ಅಲ್ಲದ, ಬೇರೆ ಚಿಹ್ನೆಗಳ ಜಾಗದಲ್ಲಿ ಕನ್ನಡ ತೋರಿಸುವ) ಕಡತವಾದರೆ ಮೊದಲು ಯೂನಿಕೋಡ್‌ಗೆ ತನ್ನಿ. ನುಡಿಯಲ್ಲಿ ‘ನ’ ಬರುವುದು ಪೌಂಡ್ ಚಿಹ್ನೆಯ ಜಾಗದಲ್ಲಿ. ಚಿಹ್ನೆಗಳನ್ನು ತೆಗೆದುಹಾಕುವ ಕೋಡಿನ ಸಾಲು ಓಡಿದರೆ ಕಡತದ ‘ನ’ಗಳೆಲ್ಲ ಮಾಯ.

ಎರಡನೆಯದು ಸೊನ್ನೆ. ಅನುಸ್ವಾರ ಯೂನಿಕೋಡ್‌ನಲ್ಲಿ ದಶಮಾನದ ಲೆಕ್ಕದಲ್ಲಿ 3202, ಕನ್ನಡ ಸೊನ್ನೆ 3302. ಕಣ್ಣಿಗೆ ಎರಡೂ ಒಂದೇ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ ಪಠ್ಯ ಧಾರಾಳವಾಗಿ ಸಿಗುತ್ತದೆ. ‘ಬ೦ಗಾರ’ ಆಗ ಬ, ೦, ಗಾರ ಎಂದು ಮೂರು ತುಂಡಾಗುತ್ತದೆ. ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದು, ಮುಂದೆ ಅಂಕಿ ಇಲ್ಲದಿದ್ದರೆ ಆ ಸೊನ್ನೆಯನ್ನು ಅನುಸ್ವಾರವಾಗಿಸಿ. ‘ಮುಂದೆ ಅಂಕಿ ಇಲ್ಲದಿದ್ದರೆ’ ಎಂಬ ಷರತ್ತು ಬಿಟ್ಟರೆ ‘ಕೆಎ೦೫’ ಹೋಗಿ ‘ಕೆಎಂ೫’ ಆಗುತ್ತದೆ.

ನೋಂದಣಿಯಲ್ಲಿ ಇದಕ್ಕೂ ಬಗ್ಗದ ಗಂಟೊಂದಿದೆ. ‘ಎಂ’ ಅನ್ನು ಸೊನ್ನೆಯಿಂದ ಬರೆದಿದ್ದರೆ ‘ಕೆಎ೦೫ಎ೦೧೨೩೪’ ಎಂದಾಗಿ, ಕೊನೆಯಲ್ಲಿ ೦೧೨೩೪ ಎಂಬ ಐದು ಅಂಕಿ ಸಿಗುತ್ತವೆ. ಅಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕಿ ಇರಕೂಡದು, ಆದ್ದರಿಂದ ತಪ್ಪು ಸಿಕ್ಕಿಬೀಳುತ್ತದೆ. ಆದರೆ ‘ಎ೦೧೨೩’ ಬಂದರೆ ಅದು ‘ಎ’ ಸಾಲಿನ ೦೧೨೩ ಇರಬಹುದು, ‘ಎಂ’ ಸಾಲಿನ ೧೨೩ ಕೂಡ ಇರಬಹುದು. ಯಾವ ರೆಗೆಕ್ಸೂ ಇದನ್ನು ತೀರ್ಮಾನಿಸಲಾರದು. ಅಂಥ ನೋಂದಣಿಗಳಿಗೆ ಗುರುತು ಹಾಕಿ, ಮೂಲ ಆರ್‌ಸಿ ಜೊತೆ ಕೈಯಿಂದಲೇ ತಾಳೆ ನೋಡಬೇಕು.